ದಿವಾಳಿ ಅರ್ಜಿ: ಸಾಲವೆಲ್ಲ ಮನ್ನಾ ಆಗುವುದೇ?

ಪ್ರಶ್ನೆ: ಅಂಗಡಿ ನಷ್ಟವಾಗಿ ಸಾಲ ತೀರಿಸಲಾಗುತ್ತಿಲ್ಲ. ದಿವಾಳಿ ಅರ್ಜಿ ಹಾಕಿದರೆ ಸಾಲವೆಲ್ಲ ಮನ್ನಾ ಆಗುವುದೇ? ನನಗೆ ಜಾಮೀನು ನಿಂತ ಭಾವನವರ ಗತಿಯೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: 2016ರ ದಿವಾಳಿ ಸಂಹಿತೆಯಲ್ಲಿ (ದಿವಾಳಿ ಕುರಿತ ಹೊಸ ಕಾನೂನು) ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಭಾಗವು ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗಷ್ಟೇ ಜಾರಿಯಾಗಿರುವುದರಿಂದ, ತಾವು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಜಿಲ್ಲೆಯ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಸಾಲ ಹೋಗದು. ದಿವಾಳಿಯೆಂದು ಘೋಷಣೆಯಾದ ಮೇಲೆ ಆಸ್ತಿಯನ್ನು ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಲಾಗುತ್ತದೆ, ಋಣಮುಕ್ತಿಯನ್ನು ನ್ಯಾಯಾಲಯ ಪ್ರತ್ಯೇಕವಾಗಿ ನೀಡಬೇಕಾಗುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆಗಳಿಗೆ ರಕ್ಷಣೆಯಿದೆ. ಅಡಮಾನದ ಮೇಲಿನ ಬ್ಯಾಂಕಿನ ಹಕ್ಕು, ಸರ್ಕಾರದ ಬಾಕಿ ಮತ್ತು ವಂಚನೆಯಿಂದಾದ ಸಾಲ ಹಾಗೆಯೇ ಉಳಿಯುತ್ತವೆ.

ತಮಗೆ ಮುಕ್ತಿ ಸಿಕ್ಕರೂ ಜಾಮೀನುದಾರರ ಹೊಣೆ ತೀರುವುದಿಲ್ಲ, ಆದ್ದರಿಂದ ಭಾವನವರಿಗೆ ಈಗಲೇ ತಿಳಿಸುವುದು ನ್ಯಾಯ. ಗಾಬರಿಯಿಂದ ಆಸ್ತಿಯನ್ನು ಮನೆಯವರ ಹೆಸರಿಗೆ ದಾನಪತ್ರ ಮಾಡಿಕೊಡಬೇಡಿ. ಅರ್ಜಿಗೆ ಹಿಂದಿನ 2 ವರ್ಷಗಳೊಳಗಿನ ಅಂಥ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಹುದು.