ಹತ್ತು ಸೆಕೆಂಡಿಗೆ ಕತ್ತರಿ ಹಾಕಬೇಡಿ

ಹಾವೇರಿಯ ಓದುಗರೊಬ್ಬರ ಪತ್ರ: "ಅಸ್ತಮಾ ಬಗ್ಗೆ ಉಪನ್ಯಾಸ ಇಟ್ಟರೆ ನಮ್ಮ ಕಾಲೇಜಿನ ಕೊನೆ ಬೆಂಚು ಮಲಗುತ್ತದೆ. ಅದಕ್ಕೇ ಸ್ಥಳೀಯ ಕೇಬಲ್ ವಾಹಿನಿಗೆ ಆರು ಕಂತಿನ ನಾಟಕ ಮಾಡುತ್ತಿದ್ದೇವೆ. ನಾಯಕಿ ಕಾಲೇಜು ಡೇ ವೇದಿಕೆಯಲ್ಲೇ ದಮ್ಮು ಬಂದು ಕುಸಿಯುತ್ತಾಳೆ. ಮುದ್ದಿನ ಅಜ್ಜಿ ಇನ್ಹೇಲರ್ ಕಂಡು 'ಪಂಪ್ ಹಿಡಿದರೆ ಚಟ ಆಗುತ್ತೆ ಮಗಾ' ಎಂದು ತಡೆಯುತ್ತಾಳೆ. ಕೊನೆಯ ಕಂತಿನಲ್ಲಿ ಡಾಕ್ಟರು ಎಲ್ಲ ಬಿಡಿಸಿ ಹೇಳುತ್ತಾರೆ. ಇದರಿಂದ ಹುಡುಗರು ಕಲಿಯುತ್ತಾರೆಯೇ?"

ಕಲಿಯುತ್ತಾರೆ. ನೀವು ಅಂದುಕೊಂಡದ್ದನ್ನೇ ಕಲಿಯುತ್ತಾರೆಂಬ ಖಾತ್ರಿ ಮಾತ್ರ ಇಲ್ಲ. ದೂರದರ್ಶನದಲ್ಲಿ 1984ರಲ್ಲಿ ಶುರುವಾದ 'ಹಮ್ ಲೋಗ್' ನೆನಪಿಸಿಕೊಳ್ಳಿ. ಮೆಕ್ಸಿಕೋದ ಟಿವಿ ನಿರ್ಮಾಪಕ ಮಿಗೆಲ್ ಸಾಬಿದೋ ಹಾಕಿಕೊಟ್ಟ ಜಾಡಿನಲ್ಲಿ, ಕುಟುಂಬ ಯೋಜನೆಯ ಅರಿವು ಮೂಡಿಸಲೆಂದು ಹೆಣೆದ ಧಾರಾವಾಹಿ ಅದು. ಮೊದಲ 13 ಕಂತುಗಳಲ್ಲಿ ಪಾಠ ಅತಿಯಾಗಿ ಜನ ಬೇಸತ್ತರು. ಪಾಠ ತಗ್ಗಿಸಿ ಮನೆಯ ಕಥೆ ಮುಂದೆ ತಂದ ಮೇಲೆಯೇ ಅಂಟಿಕೊಂಡರು. ಅದಕ್ಕಿಂತ ದೊಡ್ಡ ಪೇಚು ಇನ್ನೊಂದು. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ಹೆಂಗಸರು ಹೀಗಿರಬಾರದು ಎಂದು ತೋರಿಸಲು ಬರೆದಿದ್ದರು. ಬಹಳ ಮಂದಿ ನೋಡುಗರು ಅವಳನ್ನೇ ಆದರ್ಶ ಮಾಡಿಕೊಂಡರು.

ನಿಮ್ಮ ಅಜ್ಜಿಯದೂ ಅದೇ ಕಥೆಯಾದೀತು. ಅಷ್ಟು ಪ್ರೀತಿಯ ಅಜ್ಜಿ ಹೇಳಿದ್ದನ್ನು ಯಾರು ತಾನೆ ನಂಬುವುದಿಲ್ಲ? ಆ ಮಾತನ್ನು ಸೋದರಮಾವನ ಬಾಯಿಗೆ ಹಾಕಿ. "ಗಂಡಿನ ಕಡೆಯವರು ಬಂದಾಗ ಪಂಪ್ ಬೀರುವಿನಲ್ಲಿಡು" ಎನ್ನುವುದೂ ಅವನೇ ಆಗಲಿ. ಅಜ್ಜಿಯೇ ಹೇಳಬೇಕೆಂದರೆ ನಾಲ್ಕನೇ ಕಂತಿನೊಳಗೆ ಅವಳ ಮನಸ್ಸು ಬದಲಾಗಬೇಕು. ತಪ್ಪು ಹಾದಿಯಿಂದ ಸರಿ ಹಾದಿಗೆ ಹೊರಳುವ ಪಾತ್ರವೇ ಸಾಬಿದೋ ಪದ್ಧತಿಯ ಬೆನ್ನೆಲುಬು.

ಎದೆ ಹಿಡಿದು ದೊಪ್ಪನೆ ಬೀಳುವುದು ಸಿನಿಮಾದವರ ಹೃದಯಾಘಾತ. ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿದು, ಒಳಪದರ ಊದಿಕೊಂಡು, ಕಫ ಕಟ್ಟಿ ದಾರಿ ಕಿರಿದಾಗುತ್ತದೆ. ಉಸಿರು ಎಳೆಯುವುದಕ್ಕಿಂತ ಬಿಡುವುದೇ ಕಷ್ಟ. ಹುಡುಗಿ ಮಲಗುವುದಿಲ್ಲ; ಮುಂದಕ್ಕೆ ಬಾಗಿ ಮೊಣಕಾಲಿಗೆ ಕೈಯೂರಿ ಕೂರುತ್ತಾಳೆ. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತದೆ, ಮಾತು ತುಂಡಾಗುತ್ತದೆ: "ನನ್ನ ಬ್ಯಾಗು... ಹಾಸ್ಟೆಲ್ಲಲ್ಲಿ... ಇದೆ." ಧ್ವನಿ ಕೂಡಿಸುವವರಿಗೂ ಹೇಳಿಡಿ: ಸುಂಯ್ ಸುಂಯ್ ಸದ್ದು ನಿಂತಿತೆಂದರೆ ವಾಸಿಯಾಯಿತೆಂದೇ ಅಲ್ಲ. ಗಾಳಿ ಓಡುವುದೇ ನಿಂತಾಗಲೂ ಸದ್ದಡಗುತ್ತದೆ, ಅದು ಎಲ್ಲಕ್ಕಿಂತ ಅಪಾಯದ ಹೊತ್ತು.

ಆಗ ಗೆಳತಿಯರು ಮಾಡಬೇಕಾದ್ದಕ್ಕೆ ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆಯಲ್ಲಿ ನಾಲ್ಕರ ಲೆಕ್ಕವಿದೆ. ನೇರ ಕೂರಿಸಿ, ದಮ್ಮು ಬಂದಾಗ ಬಳಸುವ ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿಗೆ (ಪಂಪಿಗೂ ಬಾಯಿಗೂ ನಡುವಿನ ಕೊಳವೆ) ಸಿಕ್ಕಿಸಿ ಒಂದು ಪಫ್, ನಾಲ್ಕು ಉಸಿರು. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾಯುವುದು. ತಗ್ಗದಿದ್ದರೆ ಇನ್ನೂ ನಾಲ್ಕು ಪಫ್. ಆಗಲೂ ತಗ್ಗದಿದ್ದರೆ 108ಕ್ಕೆ ಕರೆ, ಆಂಬುಲೆನ್ಸ್ ಬರುವವರೆಗೆ ಅದೇ ಪುನರಾವರ್ತನೆ. ಮಾತೇ ಹೊರಡದಷ್ಟು ಜೋರಿದ್ದರೆ ಕರೆಯೇ ಮೊದಲು. ಒತ್ತಿದ ಮರುಕ್ಷಣ ನಾಯಕಿ ನಗುವುದು ಬೇಡ, ಮದ್ದು ಹಿಡಿಯಲು ಕೆಲವು ನಿಮಿಷ ಬೇಕು.

ಆದರೆ ನಾಟಕದ ತಿರುಳು ಈ ದೃಶ್ಯದಲ್ಲಿಲ್ಲ, ಹಾಸ್ಟೆಲ್ಲಿನ ಬೆಳಗಿನಲ್ಲಿದೆ. ಈ ವಯಸ್ಸಿನವರು ಎಡವುವುದೇ ಅಲ್ಲಿ: ಚೆನ್ನಾಗಿದ್ದೇನೆ ಎನಿಸಿದ ಕೂಡಲೇ ಊತ ಇಳಿಸುವ ದಿನದ ಸ್ಟೀರಾಯ್ಡ್ ಪಂಪ್ ಬಿಡುತ್ತಾರೆ, ದಮ್ಮು ಬಂದಾಗಿನದನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಅದು ಬಿಗಿದ ಸ್ನಾಯು ಸಡಿಲಿಸುತ್ತದೆ, ಊತ ಇಳಿಸುವುದಿಲ್ಲ. ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವುದನ್ನು ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ 'ಜೀನಾ' ಮಾರ್ಗಸೂಚಿ 2019ರಲ್ಲೇ ಕೈಬಿಟ್ಟಿದೆ.

ಬೆಳಗಿನ ದೃಶ್ಯ ಹೀಗಿರಲಿ. ಮುಚ್ಚಳ ತೆಗೆದು ಪಂಪನ್ನು ನಾಲ್ಕೈದು ಸಲ ಕುಲುಕುತ್ತಾಳೆ. ಉಸಿರು ಪೂರ್ತಿ ಹೊರಬಿಟ್ಟು, ಪಂಪಿನ ಮೂತಿಯ ಸುತ್ತ ತುಟಿ ಬಿಗಿದು, ಉಸಿರೆಳೆಯಲು ಶುರುಮಾಡಿದೊಡನೆ ಒಮ್ಮೆ ಒತ್ತಿ, ನಾಲ್ಕೈದು ಸೆಕೆಂಡ್ ನಿಧಾನವಾಗಿ ಎಳೆಯುತ್ತಾಳೆ. ಹತ್ತು ಸೆಕೆಂಡ್ ಉಸಿರು ಹಿಡಿಯುತ್ತಾಳೆ. ಎರಡನೇ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯುತ್ತಾಳೆ. ಇಲ್ಲದಿದ್ದರೆ ಬಾಯಲ್ಲಿ ಶಿಲೀಂಧ್ರದ ಬಿಳಿ ಅಗ್ರ ಕಟ್ಟಬಹುದು. ಸಂಕಲನದವರ ಕತ್ತರಿ ಮೊದಲು ಬೀಳುವುದು ಆ ಹತ್ತು ಸೆಕೆಂಡಿನ ಮೇಲೆ. ಬಿಡಬೇಡಿ. ರೂಮಿನ ಗೆಳತಿ ತಲೆ ಬಾಚಿಕೊಳ್ಳುತ್ತಲೇ ಬೆರಳು ಮಡಚಿ ಎಣಿಸಲಿ, ಕ್ಯಾಮೆರಾ ಆ ಬೆರಳಿನ ಮೇಲಿರಲಿ. ಬಾಯಿಂದ ಬಿಳಿ ಹೊಗೆ ಹಾರಿದರೆ ಟೇಕ್ ರದ್ದು, ಅದು ಎದೆಗಿಳಿಯದೆ ಪೋಲಾದ ಮದ್ದು. ಚಿತ್ರೀಕರಣಕ್ಕೆ ಮದ್ದಿಲ್ಲದ ತರಬೇತಿ ಪಂಪನ್ನೇ ಬಳಸಿ. ನಿಜವಾದ ಸಾಲ್ಬುಟಮಾಲಿನಲ್ಲಿ ಹತ್ತು ಟೇಕ್ ತೆಗೆದರೆ ನಟಿಗೆ ಕೈ ನಡುಗಿ ಎದೆ ಹೊಡೆದುಕೊಳ್ಳುತ್ತದೆ. ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರಿನ ಕ್ರಮ ಉಲ್ಟಾ, ಅದನ್ನು ಜೋರಾಗಿ ಎಳೆಯಬೇಕು. ಎರಡನ್ನೂ ತೋರಿಸಿ ಗೊಂದಲ ಮಾಡಬೇಡಿ.

ಈ ಬೆಳಗು ಆರೂ ಕಂತಿನಲ್ಲಿ ಬರಬೇಕು, ಒಮ್ಮೆ ಅವಳು ಮರೆತದ್ದೂ ಸೇರಿ. ಅಮೆರಿಕದ ಆಸ್ಪತ್ರೆ ಧಾರಾವಾಹಿ 'ಇಆರ್'ನ ಕಂತೊಂದರಲ್ಲಿ 2000ದಲ್ಲಿ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸಿನ ಪ್ರಸ್ತಾಪ ಬಂತು. ಕೈಸರ್ ಫ್ಯಾಮಿಲಿ ಫೌಂಡೇಷನ್ ಸಮೀಕ್ಷೆಯಲ್ಲಿ, ಅದರ ಹೆಸರು ಕೇಳಿದ್ದ ನೋಡುಗರು ಮೊದಲು ಶೇ. 24 ಇದ್ದವರು ಕಂತಾದ ಮೇಲೆ ಶೇ. 47 ಆದರು, ಆರು ವಾರಕ್ಕೆ ಶೇ. 38ಕ್ಕೆ ಇಳಿದರು. ಒಂದೇ ಕಂತಿನಲ್ಲಿ ಬಂದು ಹೋಗುವ ನಿಮ್ಮ ಡಾಕ್ಟರ ಗತಿಯೂ ಅಷ್ಟೇ.

ಫಲ ಅಳೆಯಲು ಪ್ರಶ್ನೆಪತ್ರಿಕೆ ಹಂಚಬೇಡಿ. ತರಬೇತಿ ಪಂಪ್ ಕೈಗೆ ಕೊಟ್ಟು "ಮಾಡಿ ತೋರಿಸು" ಎನ್ನಿ: ನಾಟಕಕ್ಕೆ ಮುಂಚೆ, ಮುಗಿದ ವಾರ, ಮತ್ತೆ ಆರು ವಾರದ ಮೇಲೆ. ನಾಟಕ ನೋಡದ ಒಂದು ತರಗತಿಯೂ ಲೆಕ್ಕಕ್ಕಿರಲಿ. 'ಮೊದಲು ಉಸಿರು ಹೊರಬಿಟ್ಟರೇ' ಎಂಬುದಕ್ಕೆ ಬೇರೆಯೇ ಕಾಲಂ ಹಾಕಿ, ಬಹಳ ಜನ ತಪ್ಪುವುದು ಅಲ್ಲಿ. ಮತ್ತೆ, ಒಬ್ಬೊಬ್ಬರಿಗೂ ಬೇರೆ ಬೇರೆ ಮೂತಿ ಕೊಡಿ. ಒಂದನ್ನೇ ಇಡೀ ತರಗತಿ ಕಚ್ಚುವುದು ಬೇಡ.

– ಸಂ.