ಊರಿನ ಫ್ರೀ ಡಿಶ್ ಸ್ಟೀಮ್ ಡೆಕ್‌ನಲ್ಲಿ ನೋಡಲು ಎಚ್‌ಡಿಎಂಐ ಎನ್‌ಕೋಡರ್ ಬೇಡ, ಟ್ಯೂನರ್ ಕೊಳ್ಳಿ

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಡಿಡಿ ಫ್ರೀ ಡಿಶ್ ಮತ್ತು ಫೈಬರ್ ಇಂಟರ್ನೆಟ್, ನೀವಿರುವುದು ಬೆಂಗಳೂರಿನ ಪಿಜಿಯಲ್ಲಿ, ಕೈಯಲ್ಲೊಂದು ಸ್ಟೀಮ್ ಡೆಕ್, ಅಂದರೆ ಲಿನಕ್ಸ್ ಓಡುವ ಕೈಗೇಮ್ ಕಂಪ್ಯೂಟರ್. ಊರಿನ ಟಿವಿಯನ್ನು ಡೆಕ್‌ನಲ್ಲಿ ನೋಡಲು ಸೆಟ್‌ಟಾಪ್ ಬಾಕ್ಸ್‌ಗೆ ಯಾವ ಎಚ್‌ಡಿಎಂಐ ಎನ್‌ಕೋಡರ್ (ಬಾಕ್ಸ್‌ನಿಂದ ಬರುವ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಕಳಿಸುವ ಡಬ್ಬಿ) ಜೋಡಿಸಲಿ ಅಂತ ಕೇಳಿದ್ದೀರಿ. ಯಾವುದನ್ನೂ ಜೋಡಿಸಬೇಡಿ. ಛತ್ರಿಯ ಸಿಗ್ನಲನ್ನು ನೇರ ಕಂಪ್ಯೂಟರ್‌ಗೆ ಕೊಡುವ ಟ್ಯೂನರ್ ಕೊಳ್ಳಿ. ನಾನೂ ಒಂದು ಕಾಲಕ್ಕೆ ಇದೇ ಪ್ರಶ್ನೆ ಹಿಡಿದು ಆ ಡಬ್ಬಿಗೇ ದುಡ್ಡು ಸುರಿದವನು. ಡಬ್ಬಿ ಚೆನ್ನಾಗಿಯೇ ಇತ್ತು, ಅದನ್ನು ಕೂರಿಸಿದ ಜಾಗ ತಪ್ಪಾಗಿತ್ತು. ಇದೊಂದು ಅರ್ಥವಾದರೆ ಉಳಿದ ಕೆಲಸ ಸಲೀಸು, ಹಾಗಾಗಿ ಇದನ್ನೇ ಸ್ವಲ್ಪ ಎಳೆದು ಹೇಳುತ್ತೇನೆ.

ಆಕಾಶದಿಂದ ನಿಮ್ಮ ಛತ್ರಿಗೆ (ಡಿಶ್ ಆಂಟೆನಾಗೆ) ಬೀಳುವುದು ಆಗಲೇ ಕುಗ್ಗಿಸಿದ ಡಿಜಿಟಲ್ ವಿಡಿಯೋ. ಎಂಪೆಗ್-2 ಅನ್ನುವುದು ಹಾಗೆ ಕುಗ್ಗಿಸುವ ಹಳೆಯ ವಿಧಾನ. ಫ್ರೀ ಡಿಶ್‌ನ ಎಂಪೆಗ್-2 ಟ್ರಾನ್ಸ್‌ಪಾಂಡರ್ (ಹಲವು ಚಾನೆಲ್ ಹೊತ್ತು ತರುವ ಉಪಗ್ರಹದ ಒಂದು ಆವರ್ತನ) ಒಂದನ್ನೇ ಲೆಕ್ಕ ಹಾಕಿ. ಸಿಂಬಲ್ ರೇಟ್ 29500, ಅಂದರೆ ಸೆಕೆಂಡಿಗೆ 2.95 ಕೋಟಿ ಸಿಂಬಲ್. ಒಂದೊಂದರಲ್ಲಿ 2 ಬಿಟ್. ದೋಷ ತಿದ್ದಲು ಇಟ್ಟ ಭಾಗವನ್ನು (ಮೊದಲು 3/4, ಆಮೇಲೆ 188/204) ಕಳೆದರೆ ಉಳಿಯುವುದು ಸುಮಾರು 40.8 ಎಂಬಿಪಿಎಸ್. ಅದರಲ್ಲಿ ಇಪ್ಪತ್ತರ ಆಸುಪಾಸು ಚಾನೆಲ್ ತುಂಬಿರುತ್ತವೆ. ಒಂದು ಚಾನೆಲ್‌ಗೆ ಸಿಗುವುದು ಸರಾಸರಿ 2 ಎಂಬಿಪಿಎಸ್ ಅಷ್ಟೇ. ನಿಮ್ಮೂರಿನ ಫೈಬರ್‌ನಲ್ಲಿ ಅಪ್‌ಲೋಡ್ 30 ಎಂಬಿಪಿಎಸ್ ಇದ್ದರೂ ಅದರ ಹತ್ತರಲ್ಲೊಂದು ಭಾಗ ಸಾಕು.

ಎನ್‌ಕೋಡರ್ ಹಾಕಿದಾಗ ಆಗುವುದೇನು? ಸೆಟ್‌ಟಾಪ್ ಬಾಕ್ಸ್ ಆ 2 ಎಂಬಿಪಿಎಸ್ ಚಿತ್ರವನ್ನು ಬಿಚ್ಚಿ, 720×576ರ ಚಿತ್ರವನ್ನು 1080ಕ್ಕೆ ಹಿಗ್ಗಿಸಿ ಎಚ್‌ಡಿಎಂಐಗೆ ಕೊಡುತ್ತದೆ. ಎನ್‌ಕೋಡರ್ ಆ ಹಿಗ್ಗಿಸಿದ ಚಿತ್ರವನ್ನು, ಅದರಲ್ಲಿರುವ ಚೌಕಚೌಕ ಕಲೆಗಳ ಸಮೇತ, ಎಚ್.264 ಎಂಬ ಇನ್ನೊಂದು ವಿಧಾನದಲ್ಲಿ ಮತ್ತೆ ಕುಗ್ಗಿಸುತ್ತದೆ. ಇದಕ್ಕೆ 4ರಿಂದ 6 ಎಂಬಿಪಿಎಸ್ ಹೋಗುತ್ತದೆ. ಡೇಟಾ ಎರಡು ಮೂರು ಪಟ್ಟು, ಚಿತ್ರ ಮೊದಲಿಗಿಂತ ಮಸುಕು. ಮೇಲಾಗಿ ಇದು ಇಂಟರ್‌ಲೇಸ್ ಚಿತ್ರ, ಸೆಕೆಂಡಿಗೆ 50 ಅರ್ಧಚಿತ್ರಗಳು. ಅಗ್ಗದ ಎನ್‌ಕೋಡರ್‌ಗಳು ಅದನ್ನು ಸರಿಯಾಗಿ ಬಿಡಿಸದೆ 25 ಫ್ರೇಮ್‌ಗೆ ಇಳಿಸುತ್ತವೆ. ಕ್ಯಾಮೆರಾ ತಿರುಗಿದಾಗೆಲ್ಲ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ. ಒಮ್ಮೆ ಹಾಗೆ ಎನ್‌ಕೋಡ್ ಆದ ಗೆರೆಯನ್ನು ಡೆಕ್‌ನಲ್ಲಿ ಯಾವ ಫಿಲ್ಟರ್ ಹಾಕಿದರೂ ಪೂರ್ತಿ ತೆಗೆಯಲಾಗದು. ಕೆಲವು ಬಾಕ್ಸ್‌ಗಳು ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ ಹಾಕುತ್ತವೆ. ಆಗ ಪರದೆ ಪೂರ್ತಿ ಕಪ್ಪು, ಧ್ವನಿಯೂ ಇಲ್ಲ.

ಇದೆಲ್ಲ ಹಾಗಿರಲಿ, ಬಾಕ್ಸ್ ಒಂದೇ. ಅಮ್ಮ ಧಾರಾವಾಹಿ ಹಾಕಿದರೆ ನಿಮಗೂ ಧಾರಾವಾಹಿ. ನೀವು ಬೆಂಗಳೂರಿನಿಂದ ಚಾನೆಲ್ ಬದಲಿಸಬೇಕಾದರೆ ರಿಮೋಟ್‌ನ ಇನ್‌ಫ್ರಾರೆಡ್ ಸಂಕೇತ ಹೊಡೆಯುವ ಇನ್ನೊಂದು ಸಾಧನ ಬೇಕು. ಅದು ಕೆಲಸ ಮಾಡಿದ ಕೂಡಲೇ ಮನೆಯಿಂದ ಫೋನ್ ಬರುತ್ತದೆ.

ಸೆಟ್‌ಟಾಪ್ ಬಾಕ್ಸ್‌ನ ಹಿಂಬದಿಯಿಂದ ಚಿತ್ರ ಹಿಡಿಯುವ ಯೋಚನೆ ಅನಲಾಗ್ ಕಾಲದ್ದು. ಸೋನಿಯ ಲೊಕೇಶನ್‌ಫ್ರೀ 2005ರಲ್ಲಿ ಪಿಎಸ್‌ಪಿಗೆ (ಸೋನಿಯದೇ ಕೈಗೇಮ್ ಸಾಧನ) ಮನೆ ಟಿವಿ ತಂದಾಗಲೂ, ಅದೇ ವರ್ಷ ಮನೆ ಟಿವಿಯನ್ನು ಇಂಟರ್ನೆಟ್‌ನಲ್ಲಿ ಕಳಿಸುವ ಸ್ಲಿಂಗ್‌ಬಾಕ್ಸ್ ಬಂದಾಗಲೂ ಮಾಡಿದ್ದು ಅದನ್ನೇ. ಆಗ ಬೇರೆ ಸುಲಭದ ದಾರಿ ಇರಲಿಲ್ಲ. ಸ್ಲಿಂಗ್‌ಬಾಕ್ಸ್ ಸರ್ವರ್‌ಗಳನ್ನು 2022ರ ನವೆಂಬರ್‌ನಲ್ಲಿ ಮುಚ್ಚಿದ ಮೇಲೆ ಆ ಡಬ್ಬಿಗಳು ಕಾಗದ ಹಾರದಂತೆ ಇಡಲು ಮಾತ್ರ ಉಪಯೋಗ. ಕಂಪನಿಯ ಸರ್ವರ್ ನೆಚ್ಚಿಕೊಂಡ ಯಾವ ಸಾಧನವನ್ನೂ ಈ ಕೆಲಸಕ್ಕೆ ಕೊಳ್ಳಬೇಡಿ.

ಇನ್ನೊಂದು ಮಾತು. ನಿಮಗೆ ಬೇಕಿರುವುದು ಚಂದನ ಒಂದೇ ಆಗಿದ್ದರೆ ಇಷ್ಟೂ ರಗಳೆ ಬೇಡ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳು ನೇರವಾಗಿ ಬರುತ್ತವೆ. ಮನೆಯಲ್ಲಿರುವುದು ದುಡ್ಡು ಕೊಟ್ಟು ನೋಡುವ ಡಿಟಿಎಚ್ ಆಗಿದ್ದರೆ ಕೆಳಗಿನದು ಯಾವುದೂ ನಡೆಯದು. ಅದು ಎನ್‌ಕ್ರಿಪ್ಟ್ ಆದ ಸಿಗ್ನಲ್, ಅವರ ಆ್ಯಪ್ ಇದ್ದರೆ ಅದನ್ನೇ ಬಳಸಿ. ಫ್ರೀ ಡಿಶ್‌ನ ಎಂಪೆಗ್-2 ಚಾನೆಲ್‌ಗಳು ಬೀಗವಿಲ್ಲದೆ ಬರುವುದರಿಂದಲೇ ಈ ದಾರಿ ತೆರೆದಿರುವುದು.

ಈಗ ಕೆಲಸಕ್ಕೆ ಬರೋಣ. ಸಿಗ್ನಲನ್ನು ಸೆಟ್‌ಟಾಪ್ ಬಾಕ್ಸ್‌ಗೆ ಮುಟ್ಟುವ ಮೊದಲೇ ಕವಲು ಮಾಡಬೇಕು.

ಛತ್ರಿ ಈಗಿರುವ 60 ಸೆಂಟಿಮೀಟರಿನದೇ ಸಾಕು. ಎಲ್‌ಎನ್‌ಬಿಯನ್ನು (ಛತ್ರಿಯ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಮಾತ್ರ ಎರಡು ಔಟ್‌ಪುಟ್ ಇರುವ, ‘ಯೂನಿವರ್ಸಲ್’ ಬಗೆಯದಕ್ಕೆ ಬದಲಿಸಿ. ಹಳೆಯ ಕೇಬಲ್‌ಗೆ ಸ್ಪ್ಲಿಟರ್ ಹಾಕಿ ದುಡ್ಡು ಉಳಿಸಲು ಹೋಗಬೇಡಿ. ಎಲ್‌ಎನ್‌ಬಿಗೆ 13 ವೋಲ್ಟ್ ಹೋದರೆ ಅದು ವರ್ಟಿಕಲ್ (ಲಂಬ) ತರಂಗ ಹಿಡಿಯುತ್ತದೆ, 18 ಹೋದರೆ ಹಾರಿಜಾಂಟಲ್ (ಅಡ್ಡ). ಒಂದೇ ತಂತಿಯಲ್ಲಿ ಬಾಕ್ಸೂ ಟ್ಯೂನರೂ ತಮ್ಮ ತಮ್ಮ ವೋಲ್ಟೇಜ್ ಕಳಿಸಿದರೆ ಒಂದರ ಚಾನೆಲ್ ಇನ್ನೊಂದು ಕೆಡಿಸುತ್ತದೆ. ಎರಡು ಔಟ್‌ಪುಟ್ ಇದ್ದರೆ ಮನೆಯವರ ಟಿವಿಗೂ ನಿಮಗೂ ಸಂಬಂಧವೇ ಇರುವುದಿಲ್ಲ.

ಎಲ್‌ಎನ್‌ಬಿ ಬದಲಿಸುವಾಗ ಛತ್ರಿ ಅಲುಗಿದರೆ ಮತ್ತೆ ಕೂರಿಸಲು ಲೆಕ್ಕ ಇಲ್ಲಿದೆ: ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ತೀರ್ಥಹಳ್ಳಿಯಿಂದ ಅದು ನಿಜ ಉತ್ತರದಿಂದ ಸುಮಾರು 126 ಡಿಗ್ರಿ, ಅಂದರೆ ಆಗ್ನೇಯದ ಕಡೆಗೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಛತ್ರಿ ನೋಡಲು ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ. ಎಲ್‌ಎನ್‌ಬಿ ನಡುವೆ ಇರದೆ ಕೆಳಗಡೆ ಇರುವ ಇಂಥ ಆಫ್‌ಸೆಟ್ ಛತ್ರಿ 20 ಡಿಗ್ರಿಗಿಂತ ಹೆಚ್ಚು ಕೆಳಗೆ ನೋಡುವಂತೆಯೇ ಇರುತ್ತದೆ, ಗಾಬರಿ ಬೇಡ. ಆಗ್ನೇಯಕ್ಕೆ ಅಡಿಕೆ ಮರ ತೀರಾ ಹತ್ತಿರವಿದ್ದರೆ ಮಾತ್ರ ಜಾಗ ಬದಲಿಸಿ.

ಕೇಬಲ್ ಆರ್‌ಜಿ-6, ಸಾಧ್ಯವಾದರೆ 30 ಮೀಟರ್ ಒಳಗೆ, ನಡುವೆ ಜೋಡಣೆ ಇಲ್ಲದೆ. ಎಫ್ ಕನೆಕ್ಟರ್ ತಿರುಗಿಸುವಾಗ ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್.

ಟ್ಯೂನರ್ ಕೊಳ್ಳುವಾಗ ಎರಡು ವಿಷಯ ನೋಡಿ. ಅದು ಉಪಗ್ರಹ ಪ್ರಸಾರದ ಮಾನದಂಡಗಳಾದ ಡಿವಿಬಿ-ಎಸ್ ಮತ್ತು ಎಸ್2 ಎರಡನ್ನೂ ಹಿಡಿಯಬೇಕು, ಮತ್ತು ಅದರ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇರಬೇಕು. ಡ್ರೈವರ್ ಬೇರೆ ಕಡೆಯಿಂದ ತಂದು ಕಂಪೈಲ್ ಮಾಡಬೇಕಾದ ಟ್ಯೂನರ್ ಅಗ್ಗಕ್ಕೆ ಸಿಕ್ಕರೂ ಬೇಡ. ಕರ್ನಲ್ ಅಪ್‌ಡೇಟ್ ಆದ ದಿನ ಅದು ಮಾಯವಾಗುತ್ತದೆ, ನೀವು ಆಗ ನೂರಾರು ಕಿಲೋಮೀಟರ್ ದೂರದಲ್ಲಿರುತ್ತೀರಿ. ಎಲ್‌ಎನ್‌ಬಿಗೆ 18 ವೋಲ್ಟ್‌ವರೆಗೂ ಕೊಡಬೇಕಾದ್ದರಿಂದ ಟ್ಯೂನರ್‌ಗೆ ಅದರದೇ ಅಡಾಪ್ಟರ್ ಇರುತ್ತದೆ, ಅದನ್ನೇ ಹಾಕಿ. ಅಡಾಪ್ಟರ್ ಮರೆತರೆ ಟ್ಯೂನರ್ ಲಿನಕ್ಸ್‌ಗೆ ಕಾಣಿಸುತ್ತದೆ, ಸಿಗ್ನಲ್ ಮಾತ್ರ ಸೊನ್ನೆ.

ಟ್ಯೂನರ್ ಜೋಡಿಸುವ ಕಂಪ್ಯೂಟರ್ ಆಗಿ ಅಂಗೈಯಗಲದ ರಾಸ್ಪ್‌ಬೆರಿ ಪೈ 4 ಬೇಕಾದಷ್ಟಾಯಿತು, ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೂ ಆಗುತ್ತದೆ. ಚಿತ್ರವನ್ನು ಬಂದ ಹಾಗೆಯೇ ದಾಟಿಸುವುದರಿಂದ ಪ್ರೊಸೆಸರ್‌ಗೆ ಕೆಲಸವೇ ಇಲ್ಲ. ಹೊಸದೆಂದು ಪೈ 5ಕ್ಕೆ ಹೆಚ್ಚು ಕೊಡುವ ಅಗತ್ಯವಿಲ್ಲ. ಅದರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಹಾರ್ಡ್‌ವೇರನ್ನು ತೆಗೆದೇ ಹಾಕಿದ್ದಾರೆ, ನಮಗೆ ಅದು ಬೇಕಾಗಿಯೂ ಇಲ್ಲ. ಪೈಯನ್ನು ರೂಟರ್‌ಗೆ ವೈರ್‌ನಲ್ಲೇ ಜೋಡಿಸಿ.

ಅದರ ಮೇಲೆ ಟಿವಿಹೆಡೆಂಡ್ ಹಾಕಿ, ಟ್ಯೂನರ್‌ನ ಚಾನೆಲ್‌ಗಳನ್ನು ನೆಟ್‌ವರ್ಕ್‌ಗೆ ಹಂಚುವ ಸಾಫ್ಟ್‌ವೇರ್ ಇದು. ಬ್ರೌಸರ್‌ನಲ್ಲಿ 9981ನೇ ಪೋರ್ಟ್ ತೆರೆದು, ಟ್ಯೂನರನ್ನು ಸಕ್ರಿಯ ಮಾಡಿ, ಎಲ್‌ಎನ್‌ಬಿ ಬಗೆ ಯೂನಿವರ್ಸಲ್ ಅಂತ ಕೊಡಿ. ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಮಾಡಿ, ಅದರ ಜೊತೆ ಬರುವ ಸಿದ್ಧ ಪಟ್ಟಿಯನ್ನು ನಂಬದೆ ಮಕ್ಸ್ (ಒಂದು ಟ್ರಾನ್ಸ್‌ಪಾಂಡರ್‌ನ ವಿವರ) ಅನ್ನು ಕೈಯಾರೆ ಸೇರಿಸಿ: ಆವರ್ತನ 11090, ವರ್ಟಿಕಲ್, ಸಿಂಬಲ್ ರೇಟ್ 29500, ಡಿವಿಬಿ-ಎಸ್, ಎಫ್‌ಇಸಿ (ದೋಷ ತಿದ್ದುವ ಭಾಗ) ಆಟೋ. ಇಲ್ಲಿ ಆಗುವ ಸಾಮಾನ್ಯ ಎಡವಟ್ಟು ಘಟಕದ್ದು. ಟಿವಿಹೆಡೆಂಡ್ ಆವರ್ತನವನ್ನು ಕಿಲೋಹರ್ಟ್ಸ್‌ನಲ್ಲೂ ಸಿಂಬಲ್ ರೇಟನ್ನು ಪೂರ್ತಿ ಸಂಖ್ಯೆಯಲ್ಲೂ ಕೇಳುತ್ತದೆ, ಹಾಗಾಗಿ ಬರೆಯಬೇಕಾದ್ದು 11090000 ಮತ್ತು 29500000. ಅದು ಲಾಕ್ ಆದರೆ 11170 ಮತ್ತು 11470 ಕೂಡ ಹೀಗೇ ಸೇರಿಸಿ. ಸ್ಕ್ಯಾನ್ ಮುಗಿದ ಮೇಲೆ ಸರ್ವಿಸ್‌ಗಳನ್ನು ಚಾನೆಲ್‌ಗಳಿಗೆ ಮ್ಯಾಪ್ ಮಾಡಿ, ಎನ್‌ಕ್ರಿಪ್ಟ್ ಆದವನ್ನು ಬಿಟ್ಟುಬಿಡಿ.

ಸ್ಟ್ರೀಮ್ ಪ್ರೊಫೈಲ್ ಬಂದದ್ದನ್ನು ಹಾಗೇ ದಾಟಿಸುವ ‘ಪಾಸ್’ ಇರಲಿ, ಮತ್ತೆ ಕುಗ್ಗಿಸುವ ಟ್ರಾನ್ಸ್‌ಕೋಡ್ ಮುಟ್ಟಬೇಡಿ. ಮೆಮೊರಿ ಕಾರ್ಡ್‌ನಲ್ಲಿ ಓಡಿಸುತ್ತಿದ್ದರೆ ಟೈಮ್‌ಶಿಫ್ಟ್ (ನೇರ ಪ್ರಸಾರವನ್ನು ನಿಲ್ಲಿಸಿ ನೋಡುವ ಸೌಲಭ್ಯ) ನಿಲ್ಲಿಸಿ, ಇಲ್ಲದಿದ್ದರೆ ನೋಡಿದಷ್ಟು ಹೊತ್ತೂ ಬರೆದು ಬರೆದು ಕಾರ್ಡ್ ಸಾಯುತ್ತದೆ. ನಿಮಗೊಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ, ಸ್ಟ್ರೀಮಿಂಗ್ ಅನುಮತಿ ಮಾತ್ರ ಕೊಡಿ.

ಮನೆಯಿಂದ ಹೊರಗೆ ತಲುಪುವ ವಿಷಯಕ್ಕೆ ಬಂದರೆ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಗೆ ರೂಟರ್‌ನಲ್ಲಿ ಬಾಗಿಲು ತೆರೆಯುವುದು) ಬಗ್ಗೆ ಓದಿರುತ್ತೀರಿ, ಅದನ್ನು ಮರೆತುಬಿಡಿ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಹೊರಗಿನಿಂದ ಬಂದ ಕರೆ ನಿಮ್ಮ ರೂಟರ್‌ವರೆಗೂ ಬರುವುದೇ ಇಲ್ಲ. ಸಾರ್ವಜನಿಕ ವಿಳಾಸ ಸಿಕ್ಕಿದ್ದರೂ ಟಿವಿಹೆಡೆಂಡ್ ಅನ್ನು ಇಂಟರ್ನೆಟ್‌ಗೆ ಬಯಲಾಗಿ ಬಿಡುವುದು ಸರಿಯಲ್ಲ. ಪೈನಲ್ಲೂ ಡೆಕ್‌ನಲ್ಲೂ ಟೈಲ್‌ಸ್ಕೇಲ್ ಹಾಕಿ. ಅದು ಎರಡರ ನಡುವೆ ಖಾಸಗಿ ಸಂಪರ್ಕ (ವಿಪಿಎನ್) ಕಟ್ಟುತ್ತದೆ, ವೈಯಕ್ತಿಕ ಬಳಕೆಗೆ ಉಚಿತ. ಡೆಕ್‌ನ ಆಪರೇಟಿಂಗ್ ಸಿಸ್ಟಂ ಆದ ಸ್ಟೀಮ್‌ಓಎಸ್ ತನ್ನ ಸಿಸ್ಟಂ ಭಾಗದಲ್ಲಿ ಏನನ್ನೂ ಬರೆಯಲು ಬಿಡುವುದಿಲ್ಲವಾದ್ದರಿಂದ ಡೆಕ್‌ಗಾಗಿಯೇ ಬರೆದ ಇನ್‌ಸ್ಟಾಲ್ ಸ್ಕ್ರಿಪ್ಟ್ ಬಳಸಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಅದನ್ನು ಮತ್ತೊಮ್ಮೆ ಓಡಿಸಬೇಕಾಗಬಹುದು. ಟೈಲ್‌ಸ್ಕೇಲ್ ಸ್ಟೇಟಸ್‌ನಲ್ಲಿ ಪೈನ ಎದುರು ‘ಡೈರೆಕ್ಟ್’ ಅಂತ ಬರಬೇಕು. ‘ರಿಲೇ’ ಅಂತ ಬಂದರೆ ಚಿತ್ರ ಬೇರೆಯವರ ಸರ್ವರ್ ಸುತ್ತಿ ಬರುತ್ತಿದೆ, ಸಂಜೆ ಹೊತ್ತು ತಡವರಿಸುತ್ತದೆ. ಮನೆಯ ರೂಟರ್‌ನಲ್ಲಿ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಆನ್ ಮಾಡಿದರೆ ಬಹಳ ಸಲ ಇದು ಸರಿಹೋಗುತ್ತದೆ.

ಡೆಕ್‌ನಲ್ಲಿ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಡಿಸ್ಕವರ್ ಎಂಬ ಆ್ಯಪ್ ಅಂಗಡಿಯಿಂದ ಕೋಡಿ ಎಂಬ ಮೀಡಿಯಾ ಪ್ಲೇಯರ್ ಹಾಕಿ. ಅದರಲ್ಲಿ ಟಿವಿಹೆಡೆಂಡ್‌ನ ಪಿವಿಆರ್ (ಟಿವಿ ನೋಡುವ) ಆ್ಯಡ್‌ಆನ್ ಸಕ್ರಿಯ ಮಾಡಿ, ಪೈನ ಟೈಲ್‌ಸ್ಕೇಲ್ ವಿಳಾಸ, ಪೋರ್ಟ್‌ಗಳು 9981 ಮತ್ತು 9982, ನಿಮ್ಮ ಯೂಸರ್ ಹೆಸರು ಕೊಡಿ. ಅಪ್ಲಿಕೇಶನ್ ಮೆನುವಿನಲ್ಲಿ ಕೋಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟೀಮ್‌ಗೆ ಸೇರಿಸಿದರೆ ಗೇಮ್ ಮೋಡ್‌ನಲ್ಲೇ ತೆರೆಯಬಹುದು. ಕಂಟ್ರೋಲರ್ ಲೇಔಟ್‌ನಲ್ಲಿ ಡಿ-ಪ್ಯಾಡ್‌ಗೆ ಬಾಣದ ಕೀಲಿಗಳು, ಎ ಬಟನ್‌ಗೆ ಎಂಟರ್, ಬಿ ಬಟನ್‌ಗೆ ಬ್ಯಾಕ್‌ಸ್ಪೇಸ್ ಕೊಟ್ಟರೆ ರಿಮೋಟ್ ಕೊರತೆ ಕಾಣದು.

ಬಹಳ ಜನ ಬಿಟ್ಟುಬಿಡುವ ಒಂದು ಸೆಟ್ಟಿಂಗ್ ಇದೆ. ನಮ್ಮ ಟಿವಿ 50 ಹರ್ಟ್ಸ್‌ನದು, ಡೆಕ್ ಪರದೆ ಸಾಮಾನ್ಯವಾಗಿ 60 ಅಥವಾ ಒಎಲ್‌ಇಡಿ ಆದರೆ 90. 50 ಚಿತ್ರಗಳನ್ನು 60ರಲ್ಲಿ ತೋರಿಸಿದರೆ ಐದಕ್ಕೊಂದು ಚಿತ್ರ ಎರಡು ಸಲ ಬರುತ್ತದೆ. ಕೆಳಗೆ ಓಡುವ ಸುದ್ದಿಪಟ್ಟಿ ತೊದಲಿದಂತೆ ಕಾಣುವುದು ಅದಕ್ಕೇ. ಮೂರು ಚುಕ್ಕೆಯ ಬಟನ್ ಒತ್ತಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ರಿಫ್ರೆಶ್ ರೇಟನ್ನು 50ಕ್ಕೆ ಇಳಿಸಿ. ಕೋಡಿಯ ವಿಡಿಯೋ ಸೆಟ್ಟಿಂಗ್‌ನಲ್ಲಿ ಅರ್ಧಚಿತ್ರಗಳನ್ನು ಪೂರ್ತಿ ಚಿತ್ರ ಮಾಡುವ ಡಿಇಂಟರ್‌ಲೇಸ್ ಆನ್ ಇರಲಿ, 25 ಫ್ರೇಮ್ ಕೊಡುವ ‘ಹಾಫ್’ ಬಗೆಯನ್ನು ಬಿಟ್ಟು ಪೂರ್ತಿ 50 ಕೊಡುವುದನ್ನು ಆರಿಸಿ. ಕ್ರಿಕೆಟ್ ಚೆಂಡು ಆಗ ಎರಡೆರಡಾಗಿ ಕಾಣುವುದಿಲ್ಲ. ಎಂಪೆಗ್-2 ಬಿಚ್ಚುವ ಕೆಲಸವನ್ನು ಡೆಕ್‌ನ ಸಿಪಿಯು ಒಂದೇ ನಿಭಾಯಿಸುತ್ತದೆ, ಹಾರ್ಡ್‌ವೇರ್ ಡಿಕೋಡಿಂಗ್ ತಕರಾರು ಮಾಡಿದರೆ ಆಫ್ ಮಾಡಿ.

ಪಿಜಿ ವೈಫೈ ಸಿಕ್ಕಾಪಟ್ಟೆ ಗಲಾಟೆಯದು, 5 ಗಿಗಾಹರ್ಟ್ಸ್ ಇದ್ದರೆ ಅದನ್ನೇ ಹಿಡಿಯಿರಿ. ಫೋನ್ ಹಾಟ್‌ಸ್ಪಾಟ್‌ನಲ್ಲಿ ನೋಡಿದರೆ ಗಂಟೆಗೆ ಸುಮಾರು 1 ಜಿಬಿ ಖರ್ಚು. ನಡುನಡುವೆ ನಿಂತರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಅದೇ ಚಾನೆಲ್ ತೆರೆದು ನೆಟ್‌ವರ್ಕ್ ಕ್ಯಾಶಿಂಗ್ 1000ದಿಂದ 3000 ಮಿಲಿಸೆಕೆಂಡ್‌ಗೆ ಏರಿಸಿ ನೋಡಿ. ಆಗ ಸರಿಹೋದರೆ ತೊಂದರೆ ವೈಫೈಯದು. ಆಗಲೂ ಚೌಕಗಳು ಬಂದರೆ ಛತ್ರಿಯದು, ಟಿವಿಹೆಡೆಂಡ್‌ನ ಸ್ಟೇಟಸ್ ಪುಟದಲ್ಲಿ ದೋಷದ ಎಣಿಕೆ ಏರುತ್ತಿರುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಕೆಯು ಬ್ಯಾಂಡ್ (ಡಿಟಿಎಚ್ ಬಳಸುವ ಆವರ್ತನ) ಸಿಗ್ನಲ್ ಹೋಗಿಬಂದು ಮಾಡುವುದಕ್ಕೆ ಮಾತ್ರ ಮದ್ದಿಲ್ಲ. 90 ಸೆಂಟಿಮೀಟರ್ ಛತ್ರಿ ಹಾಕಿದರೆ ಸಣ್ಣ ಮಳೆ ತಡೆದೀತು.

ನೀವು ಅಲ್ಲಿರುವುದಿಲ್ಲವಾದ್ದರಿಂದ ಕರೆಂಟ್‌ದೇ ದೊಡ್ಡ ತಲೆನೋವು. ರೂಟರ್, ಫೈಬರ್ ಡಬ್ಬಿ, ಪೈ, ಟ್ಯೂನರ್ ನಾಲ್ಕನ್ನೂ ಒಂದೇ ಯುಪಿಎಸ್‌ಗೆ ಹಾಕಿ. ರೂಟರ್‌ಗೆ ಮಾತ್ರ ಬ್ಯಾಕಪ್ ಕೊಟ್ಟರೆ, ಪ್ರತಿ ಸಲ ಕರೆಂಟ್ ಹೋದಾಗಲೂ ಪೈನ ಕಾರ್ಡ್ ಕೆಡುವ ಸಾಧ್ಯತೆ ಹಾಗೇ ಉಳಿಯುತ್ತದೆ. ಛತ್ರಿಯ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಟ್ಯೂನರ್‌ನ ಕೇಬಲ್ ಕಳಚಿಡಲು ಮನೆಯವರಿಗೆ ಹೇಳಿಡಿ. ಅರ್ಥಿಂಗ್ ಇದ್ದರೂ ಹತ್ತಿರದ ಸಿಡಿಲಿಗೆ ಆ ಕೇಬಲ್ ಮೂಲಕವೇ ಟ್ಯೂನರ್, ಪೈ, ರೂಟರ್ ಸಾಲಾಗಿ ಸುಡಬಹುದು. ಯಾವ ಕೇಬಲ್ ಅಂತ ಗೊತ್ತಾಗಲು ಕೆಂಪು ಟೇಪ್ ಸುತ್ತಿ.

ಏಪ್ರಿಲ್‌ನಲ್ಲಿ ಇನ್ನೊಂದು ಕೆಲಸವೂ ಇದೆ. ಫ್ರೀ ಡಿಶ್‌ನ ಖಾಸಗಿ ಚಾನೆಲ್ ಜಾಗಗಳು ವರ್ಷವರ್ಷ ಹರಾಜಾಗುತ್ತವೆ, ಏಪ್ರಿಲ್ 1ರ ಹೊತ್ತಿಗೆ ಕೆಲವು ಹೋಗಿ ಕೆಲವು ಬರುತ್ತವೆ. ಡೆಕ್‌ನಲ್ಲಿ ಹೆಸರಿದ್ದೂ ಚಿತ್ರ ಬಾರದಿದ್ದರೆ ಛತ್ರಿ ಸರಿಪಡಿಸಿ ಅಂತ ಮನೆಯವರಿಗೆ ಫೋನ್ ಮಾಡುವ ಮೊದಲು ಟಿವಿಹೆಡೆಂಡ್‌ನಲ್ಲಿ ಎಲ್ಲ ಮಕ್ಸ್‌ಗಳನ್ನೂ ಮತ್ತೆ ಸ್ಕ್ಯಾನ್‌ಗೆ ಹಾಕಿ, ಹೊಸದಾಗಿ ಮ್ಯಾಪ್ ಮಾಡಿ.