ಬಸುರಿ ಸೊಸೆಗೆ ಹುಳದ ಮಾತ್ರೆ ಕೊಡಬಹುದಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಸೊಸೆಗೆ ಐದು ತಿಂಗಳು. ತೋಟದ ಕೆಲಸ ಬಿಟ್ಟಿಲ್ಲ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 8.4 ಅಂದರು. ಆಶಾ ಕಾರ್ಯಕರ್ತೆ ಜಂತುಹುಳದ ಮಾತ್ರೆ ಕೊಟ್ಟು ಹೋಗಿದ್ದಾರೆ. ಮಗುವಿಗೆ ಏನಾದರೂ ಆದೀತು ಅಂತ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.’

ಅಮ್ಮಾ, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಮೊದಲ ಮೂರು ತಿಂಗಳು ಈ ಮಾತ್ರೆ ಕೊಡುವುದಿಲ್ಲ, ಮಗುವಿನ ಅಂಗಾಂಗ ಮೂಡುವ ಹೊತ್ತು ಅದು. ಐದನೇ ತಿಂಗಳಲ್ಲಿ ಕೊಡಬಹುದು. 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲೇ ಬಸುರಿಯರಿಗೆ ನಾಲ್ಕರಿಂದ ಆರನೇ ತಿಂಗಳೊಳಗೆ 400 ಮಿ.ಗ್ರಾಂ.ನ ಒಂದು ಆಲ್ಬೆಂಡಜೋಲ್ (ಇದೇ ಹುಳದ ಮಾತ್ರೆ) ಅಂತ ಇದೆ.

ಜಂತುಹುಳಗಳಲ್ಲಿ ಒಂದು ಬಗೆಯಾದ ಕೊಕ್ಕೆಹುಳ ಇರುವುದು ಮಗುವಿನ ಹತ್ತಿರವಲ್ಲ. ತಾಯಿಯ ಸಣ್ಣ ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳದಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.03 ಎಂ.ಎಲ್., ಇನ್ನೊಂದು ಜಾತಿಯದಾದರೆ ಅದರ ಐದಾರು ಪಟ್ಟು. ಕಡಿಮೆ ಹೀರುವ ಜಾತಿಯದೇ ನೂರು ಹುಳ ಇವೆ ಅಂದುಕೊಳ್ಳಿ. ತಿಂಗಳಿಗೆ 90 ಎಂ.ಎಲ್. ಆಯಿತು, ಒಂದು ಸಣ್ಣ ಲೋಟ ಕಾಫಿಯಷ್ಟು! ಬಸುರಿನಲ್ಲಿ ಮೊದಲೇ ಕಬ್ಬಿಣಾಂಶ ಜಾಸ್ತಿ ಬೇಕು. ತಾಯಿಯ ರಕ್ತ ತೆಳುವಾದರೆ ಮಗುವಿಗೆ ಹೋಗುವ ಆಮ್ಲಜನಕವೂ ಕಡಿಮೆ, ಬೆಳವಣಿಗೆಯೂ ಕುಂಠಿತ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಗು, ದಿನ ತುಂಬದ ಹೆರಿಗೆ, ಇವೆಲ್ಲದರ ಹಿಂದೆ ಎಷ್ಟೋ ಸಲ ಈ ರಕ್ತಹೀನತೆಯೇ ಇರುತ್ತದೆ.

ಒಂದು ಮಾತ್ರೆ ನುಂಗಿದರೆ ಮಗು ದಪ್ಪಗಾಗುತ್ತದೆ ಅಂತ ಮಾತ್ರ ನಾನು ಹೇಳಲಾರೆ. ನೇಪಾಳದ ಸರ್ಲಾಹಿಯಲ್ಲಿ ಬಸುರಿನಲ್ಲಿ ಎರಡು ಸಲ ಆಲ್ಬೆಂಡಜೋಲ್ ತಗೊಂಡವರ ಮಕ್ಕಳ ತೂಕ 59 ಗ್ರಾಂ ಜಾಸ್ತಿ ಇತ್ತು ಅಂತ 2004ರಲ್ಲಿ ವರದಿಯಾಯಿತು. ಉಗಾಂಡದ ಎಂಟೆಬ್ಬೆಯಲ್ಲಿ ಸುಮಾರು 2,500 ಬಸುರಿಯರಲ್ಲಿ ನಡೆದ ಪ್ರಯೋಗದಲ್ಲಿ ತೂಕದ ವ್ಯತ್ಯಾಸವೇ ಕಾಣಲಿಲ್ಲ. ಹುಳ ಹೋದರೆ ಸೋರುವುದು ನಿಲ್ಲುತ್ತದೆ, ಖಾಲಿಯಾದದ್ದು ತಾನಾಗಿ ತುಂಬುವುದಿಲ್ಲ ಅಲ್ವಾ? ಅದಕ್ಕೇ ಕಬ್ಬಿಣದ ಮಾತ್ರೆ. ಎಚ್‌ಬಿ ಇಷ್ಟು ಇಳಿದಾಗ ದಿನಕ್ಕೆ ಎರಡು ಬೇಕಾಗುತ್ತದೆ. ಅದನ್ನು ವೈದ್ಯರ ಹತ್ತಿರವೇ ಕೇಳಿ, ಈ ವಾರವೇ ಹೋಗಿ. ಕಾಫಿ, ಟೀ ಜೊತೆ ನುಂಗಬಾರದು, ಲಿಂಬೆ ಶರಬತ್ತು ಒಳ್ಳೆಯದು. ಮಲ ಕಪ್ಪಾದರೆ ಹೆದರಿ ಬಿಟ್ಟುಬಿಡಬೇಡಿ, ಅದು ಕಬ್ಬಿಣದ ಬಣ್ಣ.

ಸೊಸೆ ತೋಟಕ್ಕೆ ಬರಿಗಾಲಲ್ಲಿ ಹೋಗುತ್ತಾಳಾ? ಈ ಹುಳದ ಮರಿ ಒದ್ದೆ ಮಣ್ಣಿನಿಂದ ಪಾದದ ಚರ್ಮ ತೂರಿಯೇ ಒಳಗೆ ಬರುತ್ತದೆ. ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ ಎದ್ದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅವಳ ಅಳತೆಯ ಬೂಟು ಒಂದು ಜೊತೆ ಕೊಡಿಸಿ. ಮುಂದಿನ ತಪಾಸಣೆಯಲ್ಲಿ ಎಚ್‌ಬಿ ಎಷ್ಟಾಯಿತು ಅಂತ ನನಗೊಂದು ಕಾರ್ಡು ಹಾಕಿ.